ಕಬ್ಬಿನ ಸೀಜನ್ನಿಗೆ ಮೊದಲ ಟ್ರ್ಯಾಕ್ಟರ್ ಮುಂದಿನ ಭಾರೀ ಬಂಪರ್ ನಾವೇ ಕೂಡ್ರಸೂದು ಹೆಂಗ

ಮುಧೋಳ, ಜಮಖಂಡಿ, ಮಹಾಲಿಂಗಪುರ ಕಡೆ ಫ್ಯಾಕ್ಟರಿ ಬಾಯ್ಲರ್ ಪೂಜಾ ಆತು ಅಂದ್ರ ಸಾಕು, ಗ್ಯಾರೇಜ್ ಮುಂದ ಟ್ರ್ಯಾಕ್ಟರ್ ಪಾಳಿ ಹಚ್ಚಿ ನಿಂತಬಿಡ್ತಾವ. ಯಾರದು ಹುಕ್ಕ ರಿಪೇರಿ, ಯಾರದು ಟೈರ್, ಭಾಳ ಮಂದಿದು ಮುಂದಿನ ಬಂಪರ್. ಬಂಪರ್ ಕೂಡ್ರಸೂದು ಅಂದ್ರ ನಾಕಾರು ಬೋಲ್ಟಿನ ಕೆಲಸ, ಪಾನಾ ಹಿಡಿಯಾಕ ಬರೋ ಯಾವ ರೈತನೂ ಇನ್ನೊಬ್ಬರನ್ನ ಜೋಡಿ ಕರ್ಕೊಂಡು ಮನಿ ಅಂಗಳದಾಗ ಅರ್ಧ ದಿನದಾಗ ಮುಗಿಸಬಹುದು. ಆದ್ರ ನಾ ನೋಡೋ ಹತ್ತು ಗಾಡ್ಯಾಗ ಸುಮಾರು ಗಾಡಿಗೆ ಬಂಪರ್ ಛಲೋ ಇರ್ತೈತಿ, ಅದನ್ನ ಹಿಡದಿರೋ ಬೋಲ್ಟ್ ಮಾತ್ರ ಛಲೋ ಇರೂದಿಲ್ಲ. ಅದಕ್ಕ ಈ ಬರಹದಾಗ ಬೋಲ್ಟಿನ ಮಾತು ಜಾಸ್ತಿ ಬರ್ತೈತಿ, ಬ್ಯಾಸರಾ ಮಾಡ್ಕೋಬ್ಯಾಡ್ರಿ.

ಮೊದಲ ಒಂದು ಮಾತು. ಪಿಕಪ್ ಗಾಡಿಗೆ, ಜೀಪಿಗೆ, ಕಾರಿಗೆ ಇಂಥಾದ್ದ ಕಬ್ಬಿಣದ ಗಾರ್ಡ್ ಹಾಕಬೇಕು ಹೆಂಗ ಹಾಕೂದು ಅಂತ ಭಾಳ ಹುಡುಗರು ಕೇಳ್ತಾರ. ಹಾಕಬ್ಯಾಡ್ರಿ. 2017ರ ಡಿಸೆಂಬರ್‌ದಾಗ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಎಲ್ಲಾ ರಾಜ್ಯಕ್ಕೂ ಪತ್ರ ಬರದು ಕ್ರ್ಯಾಶ್ ಗಾರ್ಡ್, ಬುಲ್ ಬಾರ್ ಹಾಕೂದು ಮೋಟಾರು ವಾಹನ ಕಾಯ್ದೆ ಕಲಂ 52ಕ್ಕ ವಿರುದ್ಧ ಅಂತ ಹೇಳೈತಿ, ದಂಡಾನೂ ಬೀಳ್ತೈತಿ. ದಂಡದ ಮಾತು ಬಿಡ್ರಿ, ಅಂಥಾ ಗಾಡಿ ಮುಂದಿನ ಭಾಗ ಡಿಕ್ಕಿ ಆದಾಗ ತಾನು ಮುದ್ದಿ ಆಗಿ ಏಟು ನುಂಗಲಿ ಅಂತ ಮಾಡಿರ್ತಾರ, ನೀವು ಚೇಸಿಗೆ ನೇರ ಕಬ್ಬಿಣ ಬಿಗದ್ರ ಆ ಏಟು ಸೀದಾ ಒಳಗ ಕುಂತವರಿಗೆ ಬರ್ತೈತಿ, ಏರ್‌ಬ್ಯಾಗ್ ಇದ್ದ ಗಾಡ್ಯಾಗ ಅದರ ಸೆನ್ಸರ್ ಲೆಕ್ಕಾನೂ ತಪ್ಪತೈತಿ, ರಸ್ತೆ ದಾಟೋ ಮನಿಷಾಗ ತಗಲಿದ್ರಂತೂ ಉಳಿಯೂದು ಕಷ್ಟ. ಟ್ರ್ಯಾಕ್ಟರ್ ಕತಿ ಬ್ಯಾರೆ. ಟ್ರ್ಯಾಕ್ಟರ್ ಮುಂದ ಮುದ್ದಿ ಆಗೋ ಭಾಗಾನೇ ಇಲ್ಲ, ಡೀಲರ್ ಕೊಡೋ ಸಾಮಾನಿನ ಪಟ್ಟಿಯೊಳಗ ಟಾಪ್‌ಲಿಂಕ್ (ಹಿಂದಿನ ಸಾಮಾನು ಮ್ಯಾಲಿಂದ ಹಿಡಿಯೋ ಸರಳು), ಹುಕ್ಕ, ಡ್ರಾಬಾರ್ ಜೋಡಿ ಬಂಪರಾನೂ ಇರ್ತೈತಿ, ಮತ್ತ ಇಲ್ಲಿ ಅದು ಬರೇ ಗಾರ್ಡ್ ಅಲ್ಲ, ತೂಕ.

ತೂಕ ಯಾಕ ಬೇಕು? ನದಿ ದಂಡಿ ಹೊಲದಿಂದ ಎರಡು ಟ್ರೇಲಿ ಕಬ್ಬು ತುಂಬಕೊಂಡು ರಸ್ತೆಗೆ ಏರೋ ಜಾಗಾ ನೆನಸ್ಕೋರಿ. ಘಟಪ್ರಭಾ, ಕೃಷ್ಣಾ ದಂಡಿ ಮ್ಯಾಲಿನ ಹೊಲದಾಗ ಅಂಥಾ ಏರು ಇಲ್ಲದ ಹೊಲಾನೇ ಕಮ್ಮಿ. ಟ್ರೇಲಿ ಹಿಂದ ಜಗ್ಗತೈತಿ, ಹಿಂದಿನ ಗಾಲಿ ನೆಲಾ ಒತ್ತಿ ಮುಂದ ನೂಕ್ತೈತಿ, ಇವೆರಡರ ನಡುವ ಟ್ರ್ಯಾಕ್ಟರ್ ಮೈ ಹಿಂದಿನ ಎಕ್ಸಲ್ ಸುತ್ತ ತಿರುಗಾಕ ನೋಡ್ತೈತಿ, ಏರಿನ್ಯಾಗ ಟ್ರ್ಯಾಕ್ಟರ್ ತನ್ನ ತೂಕಾನೂ ಹಿಂದ ಸರೀತೈತಿ, ಆಗ ಹಿಂಭಾರ ಆದ ಚಕ್ಕಡಿ ನೊಗ ಮ್ಯಾಲ ಎದ್ದಂಗ ಮುಂದಿನ ಗಾಲಿ ನೆಲಾ ಬಿಡ್ತಾವ. ಪೂರ್ತಿ ಏಳಬೇಕಂತಿಲ್ಲ, ಹಗುರ ಆದ್ರ ಸಾಕು, ಸ್ಟೇರಿಂಗ್ ತಿರುವಿದ್ರೂ ಗಾಡಿ ತಿರುಗೂದಿಲ್ಲ. ಮುಂದಿನ ಎಕ್ಸಲ್ ಮ್ಯಾಲ ಟ್ರ್ಯಾಕ್ಟರ್ ಖಾಲಿ ತೂಕದ ಕಡಿಮಿ ಅಂದ್ರೂ 20 ಪರ್ಸೆಂಟ್ ಭಾರ ಇರ್ಬೇಕು ಅನ್ನೂದು ಎಲ್ಲಾ ಕಡೆ ನಡಿಯೋ ಲೆಕ್ಕ. ಅಂದ್ರ 2000 ಕೆಜಿ ಟ್ರ್ಯಾಕ್ಟರಿಗೆ 400 ಕೆಜಿ.

ಇನ್ನ ಬಂಪರ್ ಎಷ್ಟು ಕೆಲಸಾ ಮಾಡ್ತೈತಿ ಅಂತ ಒಂದು ಲೆಕ್ಕ ಹೇಳ್ತೀನಿ. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವ 2 ಮೀಟರ್, ಬಂಪರ್ ತೂಕ 80 ಕೆಜಿ, ಅದು ಮುಂದಿನ ಎಕ್ಸಲ್‌ಗಿಂತ 60 ಸೆಂಟಿಮೀಟರ್ ಮುಂದೈತಿ ಅಂತ ಹಿಡೀರಿ. ಆಗ ಮುಂದಿನ ಎಕ್ಸಲ್‌ಗೆ ಬೀಳೂದು 80 ಅಲ್ಲ, 104 ಕೆಜಿ. ಆ ಮ್ಯಾಲಿನ 24 ಕೆಜಿ ಹಿಂದಿನ ಎಕ್ಸಲ್‌ದಿಂದ ಬಂದದ್ದು. ಇದರಾಗ ಒಂದು ಲಾಭ, ಒಂದು ಎಚ್ಚರಿಕಿ ಎರಡೂ ಅದಾವ. ಮುಂದ ಚಾಚಿದಷ್ಟು ಕಡಿಮಿ ಕಬ್ಬಿಣದಾಗ ಜಾಸ್ತಿ ಕೆಲಸಾ ಆಗ್ತೈತಿ, ಆದ್ರ ಹಿಂದಿನ ಗಾಲಿ ಅಷ್ಟು ಹಗುರ ಆಗ್ತಾವ, ಮತ್ತ ನಮ್ಮ ಟ್ರ್ಯಾಕ್ಟರ್ ಬ್ರೇಕ್ ಇರೂದು ಹಿಂದಿನ ಗಾಲಿಗೆ. ಅದಕ್ಕ ಬಂಪರ್ ಹಾಕೀನಿ ಅಂತ ಇನ್ನೆರಡು ಟನ್ ಕಬ್ಬು ಏರಿಸಿದ್ರ ಏರು ಹತ್ತಬಹುದು, ಇಳಿಜಾರಿನ್ಯಾಗ ನಿಲ್ಲೂದಿಲ್ಲ. ಬಂಪರ್ ಹೇರು ಜಾಸ್ತಿ ಮಾಡಾಕ ಅಲ್ಲ, ಇದ್ದ ಹೇರಿಗೆ ಸ್ಟೇರಿಂಗ್ ಹಿಡಿತ ಸಿಗಲಿ ಅಂತ. ಹಂಗ ಟ್ರೇಲಿ ಯಾವತ್ತೂ ಕೆಳಗಿನ ಹುಕ್ಕಿಗೇ ಹಚ್ಚಬೇಕು, ಮ್ಯಾಲಿನ ಟಾಪ್‌ಲಿಂಕ್ ಜಾಗಾಕ್ಕ ಸರಪಳಿ ಕಟ್ಟಿ ಜಗ್ಗಿದ್ರ ಯಾವ ಬಂಪರೂ ಟ್ರ್ಯಾಕ್ಟರ್ ಪಲ್ಟಿ ಆಗೂದನ್ನ ತಡಿಯೂದಿಲ್ಲ.

ಖರೀದಿ ಮಾಡೂವಾಗ ಬಣ್ಣ, ಸ್ಟೀಲ್ ಪೈಪು, ಅದರ ಮ್ಯಾಲ ಬರಸಿದ ಹೆಸರು ಇವನ್ನ ಆಮ್ಯಾಲ ನೋಡ್ರಿ, ಮೊದಲ ಹಿಂದ ತಿರುವಿ ಕಾಲು ನೋಡ್ರಿ. ಟ್ರ್ಯಾಕ್ಟರಿಗೆ ಹತ್ತೋ ಆ ಎರಡು ಕಾಲಿನ ಪ್ಲೇಟ್ 10-12 ಎಂಎಂ ದಪ್ಪ ಇರ್ಬೇಕು, ವೆಲ್ಡಿಂಗ್ ಸುತ್ತೂ ಪೂರ್ತಿ ಓಡಿರಬೇಕು, ನಾಕು ಕಡೆ ಚುಕ್ಕಿ ಇಟ್ಟು ಮ್ಯಾಲ ಪೇಂಟ್ ಹೊಡದಿರಬಾರದು. ಪೇಂಟ್ ದಪ್ಪ ಇದ್ದಲ್ಲಿ ಉಗುರಿನಿಂದ ಕೆರದು ನೋಡ್ರಿ, ಅಂಗಡಿಯವ ಸಿಟ್ಟಾದ್ರೂ ಆಗ್ಲಿ. ತೂತು ನಿಮ್ಮ ಮಾಡೆಲ್ಲಿಗೆ ಕೂಡಬೇಕು, ತೂತು ಕೂಡಲಿಲ್ಲ ಅಂದ್ರ ಗ್ಯಾಸ್ ಕಟ್ಟರ್‌ಲೆ ಉದ್ದ ಮಾಡಿಕೊಡ್ತೀನಿ ಅಂದ್ರ ಬ್ಯಾಡ ಅನ್ರಿ, ಉದ್ದ ತೂತಿನ್ಯಾಗ ಬೋಲ್ಟ್ ಜಾರತೈತಿ. ಬರೇ ತೂಕಷ್ಟ ಸಾಕು, ಪೈಪು ಗೀಪು ಬ್ಯಾಡ ಅನ್ನೋರಿಗೆ ಎರಕದ ತೂಕದ ಬಿಲ್ಲಿ ಛಲೋ, ಒಂದೊಂದ ಹಾಕಾಕ ತಗ್ಯಾಕ ಬರ್ತಾವ. ಬೆಳಗಾವಿ ಉದ್ಯಮಬಾಗ ಕಡೆ ಫೌಂಡ್ರಿ ಸಾಕಷ್ಟದಾವ, ಎರಕದ ಕೆಲಸಾ ಅಂದ್ರ ನಮ್ಮ ಕಡೆ ಆ ಊರ ಹೆಸರೇ ಮೊದಲ ಬರ್ತೈತಿ.

ಈಗ ಎಲ್ಲಿಗೆ ಬಿಗಿಯೂದು ಅನ್ನೂದು. ಬಾನೆಟ್ ಕೆಳಗ, ರೇಡಿಯೇಟರ್ ಮುಂದ, ಮುಂದಿನ ಎಕ್ಸಲ್ಲನ್ನ ಸೆಂಟರ್ ಪಿನ್ ಮ್ಯಾಲ ಹಿಡದಿರೋ ಒಂದು ದಪ್ಪ ಎರಕದ ಭಾಗ ಇರ್ತೈತಿ, ಫ್ರಂಟ್ ಸಪೋರ್ಟ್ ಅಂತಾರ. ಅದರ ಮುಂದಿನ ಮುಖಕ್ಕೋ ಬಾಜೂಕೋ ಕಂಪನಿಯವರೇ ಚೂಡಿ (ಬೋಲ್ಟ್ ತಿರುವಿ ಕೂಡ್ರೋ ಸುರುಳಿ ಗೆರಿ, ಥ್ರೆಡ್) ಹಾಕಿದ ತೂತು ಬಿಟ್ಟಿರ್ತಾರ. ಬಂಪರ್ ಹತ್ತಬೇಕಾದ್ದು ಅಲ್ಲಿ, ಅಲ್ಲಿ ಮಾತ್ರ. ಬಾನೆಟ್ ತಗಡಿಗೆ, ಗ್ರಿಲ್ ಫ್ರೇಮಿಗೆ, ರೇಡಿಯೇಟರ್ ಪಟ್ಟಿಗೆ ಒಂದು ಸಪೋರ್ಟ್ ಕೊಡೂಣು ಅನ್ನೋ ವಿಚಾರ ಬಿಡ್ರಿ, ಅಲುಗಾಡಿ ಅಲುಗಾಡಿ ರೇಡಿಯೇಟರ್ ಸೋರತೈತಿ. ಆ ಎರಕಕ್ಕ ವೆಲ್ಡಿಂಗ್ ಮಾಡಬ್ಯಾಡ್ರಿ, ಹೊಸಾ ತೂತು ಹೊಡೀಬ್ಯಾಡ್ರಿ. ಎರಕದ ಕಬ್ಬಿಣ ವೆಲ್ಡಿಂಗ್ ಬಿಸಿಗೆ ಬಾಜೂಕ ಸೀಳತೈತಿ, ಅವತ್ತು ಕಾಣೂದಿಲ್ಲ, ಜನವರಿಯೊಳಗ ತುಂಬಿದ ಗಾಡಿ ತೆಗ್ಗಿನ್ಯಾಗ ಇಳದಾಗ ಕಾಣ್ತೈತಿ, ಆಗ ಎಕ್ಸಲ್ಲೇ ಬಿಚ್ಚಿ ಬರೋ ಹೊತ್ತು.

ಬೋಲ್ಟ್. ಬಂಪರ್ ಜೋಡಿ ಕೊಡೋ ಬೋಲ್ಟಿನ ತಲಿ ಮ್ಯಾಲ ಏನ ಬರದೈತಿ ನೋಡ್ರಿ. 8.8 ಅಥವಾ 10.9 ಅಂತ ಇರ್ಬೇಕು, ಅದು ಬೋಲ್ಟಿನ ತಾಕತ್ತಿನ ನಂಬರ್. 4.6 ಅಂತ ಇದ್ರ ಇಲ್ಲಾ ಏನೂ ಬರದಿಲ್ಲ ಅಂದ್ರ ಅದು ಗೇಟಿಗೆ, ಪತ್ರಾಸಿನ ಶೆಡ್ಡಿಗೆ ಹಾಕೋ ಬೋಲ್ಟ್. 4.6ರ ಬೋಲ್ಟು ತುಂಡಾಗೋ ತಾಕತ್ತು 8.8ರ ಅರ್ಧ, ಇನ್ನ ಹಿಗ್ಗಾಕ ಚಾಲೂ ಆಗೂದು ಅರ್ಧಕ್ಕಿಂತ ಎಷ್ಟೋ ಮೊದಲ. ಹಿಗ್ಗಿದ ಬೋಲ್ಟ್ ಸಡಿಲ ಆಗ್ತೈತಿ, ಸಡಿಲ ಆದದ್ದು ಬಡಕೊಂತ ಬಡಕೊಂತ ಕಟ್ ಆಗ್ತೈತಿ. ಬಂಪರಿಗೆ ಸಾವಿರಗಟ್ಲೆ ಕೊಟ್ಟು ಬೋಲ್ಟಿನ್ಯಾಗ ಉಳಸಾಕ ಹೋಗೋರನ್ನ ನೋಡಿದ್ರ ನನಗ ಸಂಕಟ ಆಗ್ತೈತಿ.

ಬೋಲ್ಟಿನ ಉದ್ದದ ವಿಷಯ ಯಾರೂ ಹೇಳೂದಿಲ್ಲ, ಅದಕ್ಕ ಸ್ವಲ್ಪ ಬಿಡಿಸಿ ಹೇಳ್ತೀನಿ. ಎರಕದಾಗಿನ ತೂತು ಭಾಳ ಕಡೆ ಆರಪಾರ ಇರೂದಿಲ್ಲ, ಒಳಗ ತಳ ಇರ್ತೈತಿ. ಬೋಲ್ಟ್ ಉದ್ದ ಆದ್ರ ತುದಿ ತಳಕ್ಕ ತಾಕಿ ನಿಂತಬಿಡ್ತೈತಿ, ಪಾನಾ ಗಟ್ಟಿ ಆತು, ಕೈಗೂ ಬಿಗಿ ಅನಸ್ತೈತಿ, ಆದ್ರ ಪ್ಲೇಟ್ ಮಾತ್ರ ಒತ್ತಿಲ್ಲ. ಗಿಡ್ಡ ಆದ್ರ ನಾಕು ಚೂಡಿ ಮ್ಯಾಲ ಎಲ್ಲಾ ಭಾರ ನಿಂತು ಚೂಡಿ ಕಿತ್ತು ಬರ್ತಾವ. ಒಂದು ಸೈಕಲ್ ತಾರು ತಗೊಂಡು ತೂತಿನ್ಯಾಗ ತಳ ಮುಟ್ಟೋತನ ಬಿಡ್ರಿ, ಬಾಯಿ ಹತ್ರ ಉಗುರು ಹಿಡದು ಹೊರಗ ತಗದು ಸ್ಕೇಲ್ ಮ್ಯಾಲ ಇಡ್ರಿ. 35 ಎಂಎಂ ಬಂತು ಅನ್ರಿ. ಕಾಲಿನ ಪ್ಲೇಟ್ 12, ವಾಶರ್ ಎಲ್ಲಾ ಕೂಡಿ 6, ಆತು 18. ಬೋಲ್ಟಿನ ದಪ್ಪದ ಒಂದೂವರಿ ಪಟ್ಟು ಚೂಡಿ ಎರಕದಾಗ ಹೋಗಬೇಕು, 16 ಎಂಎಂ ಬೋಲ್ಟಿಗೆ 24. ಹದಿನೆಂಟು ಮತ್ತ ಇಪ್ಪತ್ನಾಕು, 42. ಅಂಗಡಿಯಾಗ 45ರ ಬೋಲ್ಟ್ ಸಿಗ್ತೈತಿ, ಅದು 27 ಎಂಎಂ ಒಳಗ ಹೋಗ್ತೈತಿ, ತಳಕ್ಕ ಇನ್ನೂ 8 ಎಂಎಂ ಉಳೀತೈತಿ. ಹಿಂಗ ಲೆಕ್ಕಾ ಹಾಕ್ರಿ. ಚೂಡಿ ಅಂತರಾನೂ ನೋಡ್ರಿ, 16ರ ಬೋಲ್ಟಿಗೆ ಸಾದಾ ಚೂಡಿ 2 ಎಂಎಂ, ಸಣ್ಣ ಚೂಡಿ 1.5. ಹಳೇ ಬೋಲ್ಟ್ ಒಂದು ಬಿಚ್ಚಿ ಅಂಗಡಿಗೆ ಒಯ್ದ್ರ ಗೊಂದಲಾನೇ ಇಲ್ಲ.

ಕೆಲಸದ ದಿನ ಗಾಡಿ ಸಪಾಟ ನೆಲದಾಗ ನಿಲ್ಲಸ್ರಿ, ಮಣ್ಣಿನ ನೆಲ ಆದ್ರ ಜ್ಯಾಕ್ ಕೆಳಗ ಹಲಗಿ ಇಡ್ರಿ. ಹ್ಯಾಂಡ್‌ಬ್ರೇಕ್, ಹಿಂದಿನ ಗಾಲಿಗೆ ಎರಡೂ ಕಡೆ ಕಲ್ಲು, ಹಿಂದ ರೋಟಾವೇಟರ್ ಗೀಟಾವೇಟರ್ ಇದ್ರ ನೆಲಕ್ಕ ಇಳಿಸಿ ಬಿಚ್ಚಬಿಡ್ರಿ, ಚಾವಿ ಕಿಸೆದಾಗ. ಸುಮಾರು ಟ್ರ್ಯಾಕ್ಟರಿಗೆ ಬ್ಯಾಟರಿ ರೇಡಿಯೇಟರ್ ಮುಂದ ಇರ್ತೈತಿ, ನೀವು ಪಾನಾ ಆಡಸೋ ಜಾಗಾದಾಗೇ, ಅದಕ್ಕ ಮೈನಸ್ ವಾಯರ್ ಮೊದಲ ಬಿಚ್ಚಿ ಬಾಜೂಕ ಸರಿಸ್ರಿ. ಆಮ್ಯಾಲ ತೂತು ಸ್ವಚ್ಛ ಮಾಡೂದು. ನಮ್ಮ ಎರಿ ಮಣ್ಣು ಒಣಗಿದ್ರ ಸಿಮೆಂಟ್, ಡೀಸೆಲ್ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ತಾರಿನ ಬ್ರಷ್‌ಲೆ ತಿಕ್ರಿ, ಬಟ್ಟಿಲೆ ಒರಸ್ರಿ, ಬೋಲ್ಟು ಬರೇ ಬೆರಳಿನಿಂದ ಪೂರ್ತಿ ಒಳಗ ಹೋಗಬೇಕು. ಹೋಗವಲ್ದು ಅಂದ್ರ ಪಾನಾ ಹಾಕಿ ಜಬರದಸ್ತಿ ಮಾಡಬ್ಯಾಡ್ರಿ, ಅದ ಸೈಜಿನ, ಚೂಡಿ ತಿದ್ದೋ ಟ್ಯಾಪ್ ತಂದು ಒಂದ್ಸಲ ಓಡಸ್ರಿ.

ಎತ್ತೂದು. 40 ಕೆಜಿ ಬಂಪರ್ ಇದ್ರೂ ಇಬ್ಬರು ಬೇಕು, 80 ದಾಟಿದ್ರ ಕೈಲೆ ಎತ್ತೋ ಮಾತೇ ಬ್ಯಾಡ. ಶೆಡ್ಡಿನ ತೊಲಿ ಗಟ್ಟಿ ಇದ್ರ ಚೈನ್ ಪುಲ್ಲಿ ಕಟ್ರಿ, ಇಲ್ಲಾ ಗಾಲಿ ಜ್ಯಾಕಿನ ಮ್ಯಾಲ ಹಲಗಿ ಇಟ್ಟು ಅದರ ಮ್ಯಾಲ ಬಂಪರ್ ಕೂಡ್ರಿಸಿ ಹಗ್ಗ ಸುತ್ತಿ ನಿಧಾನಕ ಮುಂದ ನೂಕಿ ಏರಿಸ್ರಿ. ತೂತು ಕೂಡ್ಯಾವೋ ಇಲ್ಲೋ ಅಂತ ಬೆರಳು ಹಾಕಿ ನೋಡೂದು ನಮ್ಮ ಮಂದಿಗೆ ಚಟಾ ಆಗೈತಿ. ಒಂದು ಇಂಚು ಜಾರಿದ್ರ ಬೆರಳು ಕತ್ತರಿಗೆ ಸಿಕ್ಕಂಗ, ಸ್ಕ್ರೂಡ್ರೈವರ್ ಇಲ್ಲಾ ಚೂಪು ಸರಳು ಹಾಕಿ ಸರಿ ಮಾಡ್ಕೋರಿ. ಕಾಲಿಗೆ ಚಪ್ಪಲಿ ಬ್ಯಾಡ, ಬೂಟ್ ಹಾಕ್ರಿ. ಹುಡುಗರು ನೋಡಾಕ ಕೂಡ್ತಾವ, ದೂರ ಕಳಸ್ರಿ.

ಎಲ್ಲಾ ಬೋಲ್ಟೂ ಮೊದಲ ಕೈಲೆ ನಾಕೈದು ಸುತ್ತು ಹಚ್ಚಿ, ಎಲ್ಲಾ ಹತ್ತಿದ ಮ್ಯಾಲ ಬಂಪರ್ ಎಡಾ ಬಲಾ ಸಮ ಐತೋ ಇಲ್ಲೋ ದೂರ ನಿಂತು ನೋಡ್ರಿ, ಆಮ್ಯಾಲ ಬಿಗಿ ಚಾಲೂ ಮಾಡ್ರಿ. ಒಂದ ಕಡೆ ಪೂರ್ತಿ ಬಿಗದು ಇನ್ನೊಂದು ಕಡೆ ಹೋಗೂದಲ್ಲ, ಎಡಾ ಮ್ಯಾಲಿಂದು, ಬಲಾ ಕೆಳಗಿಂದು, ಹಿಂಗ ಓರೆಯಾಗಿ ಮೂರು ಸುತ್ತಿನ್ಯಾಗ ಬಿಗಿ ಹೆಚ್ಚಸಕೊಂತ ಹೋಗಬೇಕು. ಎಷ್ಟು ಬಿಗಿ? 8.8 ಬೋಲ್ಟಿಗೆ ಸುಮಾರು ಲೆಕ್ಕ 12 ಎಂಎಂಗೆ 80 ನ್ಯೂಟನ್ ಮೀಟರ್, 14ಕ್ಕ 130, 16ಕ್ಕ 200, ಇದು ಎಣ್ಣಿ ಹಚ್ಚದ ಒಣ ಚೂಡಿಗೆ. ನಿಮ್ಮ ಟ್ರ್ಯಾಕ್ಟರ್ ಪುಸ್ತಕದಾಗ ಬ್ಯಾರೆ ಅಂಕಿ ಇದ್ರ ಪುಸ್ತಕದ್ದ ಹಿಡೀರಿ.

ಬಿಗಿ ಎಷ್ಟು ಅಂತ ಅಳಿಯೋ ಟಾರ್ಕ್ ಪಾನಾ ಎಲ್ಲಾರ ಮನ್ಯಾಗ ಇರೂದಿಲ್ಲ, ಆದ್ರ ತೂಗು ಕಾಟಾ ಇರ್ತೈತಿ, ಹತ್ತಿ ಮೆಣಸಿನಕಾಯಿ ತೂಗೋ ಸ್ಪ್ರಿಂಗ್ ಕಾಟಾ. ಪಾನಾದ ಹಿಡಿಕಿಗೆ ಗಟ್ಟಿ ಪೈಪ್ ಏರಿಸಿ ಬೋಲ್ಟಿನ ನಡುವಿಂದ ಸರಿಯಾಗಿ 1 ಮೀಟರಿಗೆ ಖಡುವಿನಿಂದ ಗೆರಿ ಹೊಡೀರಿ, ಆ ಗೆರಿ ಮ್ಯಾಲ ಕಾಟಾದ ಹುಕ್ಕ ಸಿಗಸಿ ಪೈಪಿಗೆ ನೆಟ್ಟಗ ಅಡ್ಡ ಜಗ್ರಿ. ಕಾಟಾ 20 ಕೆಜಿ ತೋರಸಿದಾಗ ಬೋಲ್ಟಿಗೆ ಬಿದ್ದದ್ದು ಸುಮಾರು 200 ನ್ಯೂಟನ್ ಮೀಟರ್, 13 ತೋರಸಿದ್ರ 130, 8 ತೋರಸಿದ್ರ 80. ಪೈಪ್ ನೆಲಕ್ಕ ಸಮ ಇಟ್ಟು ಕೆಳಗ ಜಗ್ಗಿದ್ರ ಪೈಪಿನ ತೂಕಾನೂ ಕೂಡ್ತೈತಿ, ಅದಕ್ಕ ಆದಷ್ಟು ಪೈಪ್ ಮ್ಯಾಲ ಮುಖ ಮಾಡಿ ನಿಲ್ಲಿಸಿ ಬಾಜೂಕ ಜಗ್ಗೂದು ಛಲೋ. ಇದಕ್ಕ ಐದು ನಿಮಿಷ ಹಿಡೀತೈತಿ, ಪೈಪ್ ಮ್ಯಾಲ ನಿಂತು ಜಿಗಿಯೂದಕ್ಕಿಂತ ನೂರು ಪಾಲು ಮೇಲು. ಜಿಗದು ಬಿಗದ ಬೋಲ್ಟು ಅವತ್ತೇ ಹಿಗ್ಗಿರ್ತೈತಿ. ಕಡೀಕ ಬೋಲ್ಟಿನ ತಲಿಯಿಂದ ಪ್ಲೇಟಿನ ಮ್ಯಾಲ ಬರೋಹಂಗ ಬಿಳಿ ಪೇಂಟಿನ್ದು ಒಂದು ಗೆರಿ ಎಳೀರಿ. ಬೋಲ್ಟ್ ತಿರುಗಿದ್ರ ಗೆರಿ ಮುರೀತೈತಿ, ಬೆಳಿಗ್ಗೆ ಗಾಡಿ ಚಾಲೂ ಮಾಡೂವಾಗ ಕಣ್ಣಾಡಿಸಿದ್ರ ಗೊತ್ತಾಗ್ತೈತಿ.

ಬಿಗದಾಯ್ತು, ಇನ್ನ ಬಾನೆಟ್ ಪೂರ್ತಿ ತಗದು ನೋಡ್ರಿ, ಬಂಪರಿನ ಪೈಪಿಗೆ ತಾಕಬಾರದು. ಸ್ಟೇರಿಂಗ್ ಎಡಕ್ಕ ಪೂರ್ತಿ, ಬಲಕ್ಕ ಪೂರ್ತಿ ತಿರುವ್ರಿ. ಆಮ್ಯಾಲ ಒಂದು ಮುಂದಿನ ಗಾಲಿ ಜ್ಯಾಕ್‌ಲೆ ಎತ್ತಿ ಎಕ್ಸಲ್ ಓರೆ ಮಾಡಿ ಮತ್ತ ತಿರುವ್ರಿ, ಯಾಕಂದ್ರ ಮುಂದಿನ ಎಕ್ಸಲ್ ಸೆಂಟರ್ ಪಿನ್ ಮ್ಯಾಲ ತೂಗಾಡೋ ಸಾಮಾನು, ಸಪಾಟ ನೆಲದಾಗ ತಾಕದ ಟೈರು ಕಬ್ಬಿನ ಸಾಲು ದಾಟೂವಾಗ ಬಂಪರ್ ಕಾಲಿಗೆ ತಿಕ್ಕಬಹುದು. ಎರಡೂ ಕಡೆ ಹಿಂಗ ನೋಡಬೇಕು. ಇದನ್ನ ಮಾಡೋರು ಭಾಳ ಕಮ್ಮಿ.

ಹೆಡ್‌ಲೈಟಿಗೆ, ನಂಬರ್ ಪ್ಲೇಟಿಗೆ ಯಾವ ಪೈಪೂ ಅಡ್ಡ ಬರಬಾರದು. ಬಂಪರಿನ ಎರಡೂ ತುದಿಗೆ ರಿಫ್ಲೆಕ್ಟರ್ ಪಟ್ಟಿ ಹಚ್ರಿ, ಟ್ರೇಲಿ ಹಿಂದಂತೂ ಹಚ್ಚಲೇಬೇಕು, ಕಬ್ಬಿನ ಗಾಡಿ ರಾತ್ರಿ ಕಾಣದ ಆಗಿರೋ ಅನಾಹುತ ನಮ್ಮ ಭಾಗದ ಎಲ್ಲಾ ಊರಿಗೂ ಗೊತ್ತೈತಿ. ಟೈರಿನ ಗಾಳಿ ನೋಡ್ರಿ, ಹೊಸಾ ಭಾರ ಬಿದ್ದೈತಿ, ಪುಸ್ತಕದಾಗ ಮುಂದ ತೂಕ ಹಾಕಿದಾಗಿನ ಗಾಳಿ ಬ್ಯಾರೆ ಕೊಟ್ಟಿದ್ರ ಅಷ್ಟು ಹಿಡಸ್ರಿ, ಟೈರ್ ಬಾಜೂಕ ಬರದ ಮಿತಿ ಮಾತ್ರ ದಾಟಬ್ಯಾಡ್ರಿ. ಸೆಂಟರ್ ಪಿನ್ನಿಗೆ, ಮುಂದಿನ ಗಾಲಿ ಎಡಾ ಬಲಾ ತಿರುಗೋ ಕಿಂಗ್ ಪಿನ್ನಿಗೆ ಗ್ರೀಸ್ ಹೊಡಿಯೂದು ಇನ್ನ ಮುಂದ ಮೊದಲಿಗಿಂತ ಜಲ್ದಿ ಜಲ್ದಿ, ಬಂಪರ್ ಭಾರ ಎಲ್ಲಾ ಆ ಬುಶ್ ಮ್ಯಾಲೇ ಕುಂತೈತಿ. ಪವರ್ ಸ್ಟೇರಿಂಗ್ ಇಲ್ಲದ ಗಾಡಿಗೆ ಸ್ಟೇರಿಂಗ್ ಜಡ್ಡ ಆಗೂದು ಖರೆ, ಅದಕ್ಕ ಅಂಥಾ ಗಾಡಿಗೆ ಹಗುರ ಬಂಪರ್ ಸಾಕು. ಬಂಪರಿನ ಮುಂದ ತಗಡು, ಬೋರ್ಡ್, ಹೂವಿನ ಜಾಲಿ ಕಟ್ಟಿ ರೇಡಿಯೇಟರಿಗೆ ಗಾಳಿ ಮುಚ್ಚಬ್ಯಾಡ್ರಿ, ಸೀಜನ್ನಿನ್ಯಾಗ ಕಬ್ಬಿನ ರವದಿ ಧೂಳು ಜಾಳಿಗಿಗೆ ಕುಂತು ಅರ್ಧ ಅದ ಮುಚ್ಚಿರ್ತೈತಿ, ದಿನಾ ಒಮ್ಮೆ ಕೈಯಾಡಿಸಿ ತಗೀರಿ.

ಒಂದು ಮಾತು ಜೋರಾಗಿ ಹೇಳಬೇಕು. ಎರಿ ಹೊಲದಾಗ ಗಾಡಿ ಹುಗದಾಗ ಇನ್ನೊಂದು ಟ್ರ್ಯಾಕ್ಟರ್ ತಂದು ಬಂಪರಿಗೆ ಸರಪಳಿ ಕಟ್ಟಿ ಜಗ್ಗಸ್ತಾರ. ಬಂಪರಿನ ಬೋಲ್ಟು ಬಂಪರ್ ಹೊರಾಕ ಲೆಕ್ಕಾ ಹಾಕಿದ್ದು, ಹುಗದ ಟ್ರ್ಯಾಕ್ಟರನ್ನ ಝಟಕಾ ಕೊಟ್ಟು ಕೀಳಾಕ ಅಲ್ಲ. ಬೋಲ್ಟು ಹರದ್ರ 80 ಕೆಜಿ ಕಬ್ಬಿಣ ಸರಪಳಿ ಸಮೇತ ಜಗ್ಗೋ ಗಾಡಿ ಡ್ರೈವರ್ ಬೆನ್ನಿಗೆ ಹೋಗ್ತೈತಿ. ಜಗ್ಗೂದಾದ್ರ ಎರಕದ ಸಪೋರ್ಟಿನ್ಯಾಗ ಕಂಪನಿ ಕೊಟ್ಟ ಪಿನ್ನಿಗೇ ಕಟ್ರಿ, ಬಂಪರ್ ಆ ಪಿನ್ ಮುಚ್ಚಿದ್ರ ಅಂಥಾ ಬಂಪರ್ ತಗೋಬ್ಯಾಡ್ರಿ. ಬಂಪರ್ ಮ್ಯಾಲ ಮಂದಿ ಕುಂದ್ರಸಬ್ಯಾಡ್ರಿ, ತೂಕ ಸಾಲವಲ್ದು ಅಂತ ಹುಡುಗರನ್ನ ನಿಲ್ಲಸ್ತಾರ, ಜಾರಿ ಬಿದ್ರ ಬೀಳೂದು ಮುಂದಿನ ಗಾಲಿ ಕೆಳಗೇ. ತೂಕ ಸಾಲಲಿಲ್ಲ ಅಂದ್ರ ಹೇರು ಕಡಿಮಿ ಮಾಡ್ರಿ.

ಮೊದಲನೇ ತುಂಬಿದ ಟ್ರಿಪ್ ಫ್ಯಾಕ್ಟರಿ ಯಾರ್ಡ್ ಮುಟ್ಟಿದ ಮ್ಯಾಲ ಪಾಳಿಗೆ ನಿಂತಾಗ ಹೆಂಗೂ ಟೈಮ್ ಇರ್ತೈತಿ, ಅಲ್ಲೇ ಪಾನಾ ಹಚ್ಚಿ ಎಲ್ಲಾ ಬೋಲ್ಟ್ ನೋಡ್ರಿ, ಪೇಂಟ್ ಒತ್ತಿ ಕುಂತು ಸ್ವಲ್ಪ ಸಡಿಲ ಆಗಿರೂದು ಸಾಮಾನ್ಯ. ಆಮ್ಯಾಲ ಗಾಡಿ 10 ತಾಸು ಓಡಿದ ಮ್ಯಾಲ ಒಮ್ಮೆ, 50 ತಾಸು ಓಡಿದ ಮ್ಯಾಲ ಒಮ್ಮೆ, ಮುಂದ ಸರ್ವಿಸ್ ಮಾಡಿಸಿದಾಗೆಲ್ಲಾ. ಸೀಜನ್ ಮುಗದು ಮುಂಗಾರಿಗೆ ಬಿತ್ತಾಕ, ಎಡಿ ಹೊಡಿಯಾಕ ಗಾಡಿ ಹೊಲಕ್ಕ ಇಳಿಯೂದಾದ್ರ ಬಂಪರ್ ಬಿಚ್ಚಿ ಇಡ್ರಿ, ಹಸಿ ಎರಿ ಮಣ್ಣಿನ್ಯಾಗ ಮೂಗುಭಾರದ ಗಾಡಿ ಮುಂದಿನ ಟೈರ್ ಹುಗಿತಾವ, ಡೀಸೆಲ್ಲೂ ಸುಮ್ನ ಸುಡ್ತೈತಿ. ಬಿಚ್ಚಿದ ತೂತಿಗೆ ಗ್ರೀಸ್ ತುಂಬಿ ಗಿಡ್ಡ ಬೋಲ್ಟ್ ಹಚ್ಚಿ ಮುಚ್ಚಿದ್ರ ಚೂಡಿ ಕೆಡೂದಿಲ್ಲ, ಮತ್ತ ಅಕ್ಟೋಬರ್‌ದಾಗ ಕೂಡ್ರಸೂವಾಗ ಆ ಗ್ರೀಸ್ ಪೂರ್ತಿ ಒರಸಿ ತಗೀರಿ, ಗ್ರೀಸ್ ಇದ್ದ ಚೂಡಿಗೆ ಅದೇ 20 ಕೆಜಿ ಜಗ್ಗಿದ್ರ ಬೋಲ್ಟ್ ಹೆಚ್ಚಿಗಿ ಹಿಗ್ಗತೈತಿ.